ಗುಳ್ಳೆ ನಡುವಿಗೆ ಬಂತು

31 ವರ್ಷ ಕಾರವಾರದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ, ನಿವೃತ್ತನಾಗಿ ಅಂಕೋಲೆಯ ಮನೆ ಸೇರಿದೆ. ನಿವೃತ್ತ ಮಾಸ್ತರನಿಗೆ ಕೆಲಸವಿಲ್ಲದಿದ್ದರೆ ಮನೆಯ ಯಾವುದಾದರೊಂದು ಭಾಗಕ್ಕೆ ಗ್ರಹಚಾರ ವಕ್ಕರಿಸುತ್ತದೆ. ನಮ್ಮಲ್ಲಿ ಅದು ನೆಲಕ್ಕೆ ವಕ್ಕರಿಸಿತು.

ನೆಲವೇನೂ ಕೆಟ್ಟಿರಲಿಲ್ಲ. ನಾನು ಸಣ್ಣವನಿದ್ದಾಗ ಅದು ಸಗಣಿಯ ನೆಲ. ಆಯಿ ತೆಂಗಿನ ಕರಟ ಸುಟ್ಟ ಮಸಿಯನ್ನೋ, ಸತ್ತ ಟಾರ್ಚ್ ಸೆಲ್ ಒಡೆದು ತೆಗೆದ ಕಪ್ಪನ್ನೋ ಸಗಣಿಗೆ ಕಲಸಿ ಸಾರಿಸುತ್ತಿದ್ದಳು. ಒಣಗಿದ ಮೇಲೆ ಥೇಟು ಕರಿಹಲಗೆ. ನಾನು ಮೊದಲ ಕೂಡುವ ಲೆಕ್ಕ ಬರೆದದ್ದು ಅದರ ಮೇಲೆ, ಮೊದಲ ಪೆಟ್ಟು ತಿಂದದ್ದೂ ಅದಕ್ಕೇ. ಆಮೇಲೆ ಅಪ್ಪ ಸಿಮೆಂಟಿಗೆ ಕೆಂಪು ಆಕ್ಸೈಡ್ ಕಲಸಿ ನೆಲ ಮಾಡಿಸಿದ. ಅದು ಅಲ್ಲಲ್ಲಿ ಬಿರುಕು ಬಿಟ್ಟಿದ್ದರೂ ಬೇಸಿಗೆಯ ಮಧ್ಯಾಹ್ನ ಬೆನ್ನಿಗೆ ತಂಪಾಗಿಯೇ ಇತ್ತು. ‘ಎಲ್ಲರ ಮನೆಯಲ್ಲೂ ಟೈಲ್ಸ್ ಆಯ್ತು’ ಎಂದು ಹೆಂಡತಿ ಗಂಡನ ತಲೆ ತಿಂದಳು ಅಂತ ಇಂಥ ಲೇಖನಗಳಲ್ಲಿ ಬರೆಯುವ ಪದ್ಧತಿಯಿದೆ. ನಮ್ಮ ಮನೆಯಲ್ಲಿ ಹಾಗಂದವನು ನಾನೇ.

ಕರಾವಳಿಯವರಿಗೆ ಹಂಚು ಅಂದರೆ ತಲೆಯ ಮೇಲಿನದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಅದು ನಮ್ಮ ಮಾಡು ಹತ್ತಿತು. ಇಂಗ್ಲಿಷಿನಲ್ಲಿ ಅದೂ ಟೈಲು, ಇದೂ ಟೈಲು. ಕಾಲ ಕೆಳಗೆ ಬಂದದ್ದಕ್ಕೆ ನಾವು ಒಂದು ‘ಸ್’ ಸೇರಿಸಿ ಗೌರವ ಕೊಟ್ಟೆವು. ಒಂದೇ ಒಂದು ಇದ್ದರೂ ಟೈಲ್ಸೇ.

ಕಾರವಾರದ ಅಂಗಡಿಯವ ಮೋರ್ಬಿಯಿಂದ ಬಂದ ಮಾಲನ್ನು ಸಾಲಾಗಿ ನಿಲ್ಲಿಸಿ, “ಇದು ಡಬಲ್ ಚಾರ್ಜ್ ಸರ್” ಅಂದ. “ಒಂದೇ ಸಲ ಚಾರ್ಜ್ ಮಾಡುವುದಿದ್ದರೆ ಎಷ್ಟು?” ಎಂದು ಕೇಳಿದೆ. ಆತ ನಗಲಿಲ್ಲ. ಬಹುಶಃ ದಿನಕ್ಕೆ ನಾಲ್ಕು ಜನ ಕೇಳುತ್ತಾರೆ. ಎರಡು ಪದರ ಪುಡಿಯನ್ನು ಒಟ್ಟಿಗೆ ಒತ್ತಿ ಮಾಡಿದ್ದು, ಮೇಲಿನ ಬಣ್ಣವೇ ಮೂರು ನಾಲ್ಕು ಮಿಲಿಮೀಟರ್ ದಪ್ಪ ಇರುವುದರಿಂದ ಸವೆದರೂ ಬಣ್ಣ ಹೋಗುವುದಿಲ್ಲ ಎಂದು ವಿವರಿಸಿದ. ನಾನು ಎಲ್ಲ ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸಿ, ದೀಪದ ಬೆಳಕಲ್ಲಿ ಮುಖ ಕಾಣುವಷ್ಟು ಹೊಳೆಯುವುದನ್ನೇ ಆರಿಸಿದೆ.

ಇನ್ನು ಲೆಕ್ಕ. ಹಾಲು 14 ಅಡಿಗೆ 18 ಅಡಿ. ಎರಡಡಿ ಚೌಕದ ಟೈಲ್ಸ್ ಈ ಕಡೆ ಏಳು, ಆ ಕಡೆ ಒಂಬತ್ತು, ಒಟ್ಟು 63. ನಾಲ್ಕರ ಬಾಕ್ಸಿನಲ್ಲಿ 16 ಬಾಕ್ಸು ತಂದರೆ ಒಂದು ಉಳಿಯುತ್ತದೆ. ಕತ್ತರಿಸುವ ಕೆಲಸವೇ ಇಲ್ಲ! “ಹತ್ತು ಪರ್ಸೆಂಟ್ ಜಾಸ್ತಿ ತಗೊಳ್ಳಿ” ಎಂದ ಅಂಗಡಿಯವನ ಕಡೆ, ಶೇಷ ಸೊನ್ನೆ ಬಂದ ಭಾಗಾಕಾರವನ್ನು ನಂಬದ ಹುಡುಗನನ್ನು ನೋಡುವಂತೆ ನೋಡಿದೆ.

ಮೇಸ್ತ್ರಿ ಸದಾಶಿವಗಡದ ಕಡೆಯವನು, ನನ್ನ ಹಳೆಯ ವಿದ್ಯಾರ್ಥಿ. ರೇಖಾಗಣಿತದ ಪೀರಿಯಡ್ಡಿನಲ್ಲಿ ಲಂಬಕೋನ ಬಾರದೆ ಎಷ್ಟೋ ಸಲ ಬೆಂಚಿನ ಮೇಲೆ ನಿಂತವನು. ಬಂದವನೇ ಮೂಲೆಯಲ್ಲಿ ದಾರ ಹಿಡಿದು ಒಂದು ಗೋಡೆಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಗುರುತು ಹಾಕಿ, ಓರೆಗೆ ಐದಡಿ ಬರುತ್ತದೋ ನೋಡಿದ. ಬರಲಿಲ್ಲ. “ಗೋಡೆ ಸೊಟ್ಟ ಅದೆ ಮಾಸ್ತರ್ರೆ” ಅಂದ. ಪೈಥಾಗೊರಸನನ್ನು ಜೀವಮಾನವಿಡೀ ಅರೆದು ಕುಡಿಸಿದವನು ಲಂಬಕೋನವಿಲ್ಲದ ಮನೆಯಲ್ಲಿ ಹುಟ್ಟಿ ಬೆಳೆದಿದ್ದೆ.

ಆಮೇಲೆ ಟೇಪು ಹಿಡಿದು ಟೈಲ್ಸ್ ಅಳೆದ. ಎರಡಡಿ ಅಂದರೆ 609.6 ಮಿಲಿಮೀಟರ್. ಬಾಕ್ಸಿನಲ್ಲಿದ್ದದ್ದು 600. ಒಂದೊಂದರಲ್ಲಿ 9.6 ಮಿಲಿಮೀಟರ್ ಖೋತಾ! ನಡುವೆ ಬಿಡುವ ಸಂದಿಯನ್ನು ಸೇರಿಸಿದರೂ ಒಂದು ಕಡೆ ಎರಡಿಂಚು, ಇನ್ನೊಂದು ಕಡೆ ಮೂರಿಂಚಿಗೆ ತುಸು ಕಡಿಮೆ ನೆಲ ಬತ್ತಲೆ ಉಳಿಯಿತು. ಗೋಡೆಯ ಬುಡಕ್ಕೆ ಸುತ್ತ ಹೊಡೆಯುವ ಸ್ಕರ್ಟಿಂಗ್ ಪಟ್ಟಿಯನ್ನಂತೂ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮತ್ತೆ ಎರಡು ಬಾಕ್ಸಿಗೆ ಕಾರವಾರಕ್ಕೆ ಓಡಿದರೆ ಆ ಲಾಟು ಮುಗಿದಿತ್ತು. ಹೊಸ ಲಾಟಿಗೆ ಹೆಸರು ಅದೇ, ನಂಬರೂ ಅದೇ. ಬಣ್ಣ ಮಾತ್ರ ಹಾಲಿಗೆ ಒಂದು ಚಮಚ ಚಹ ಬಿದ್ದ ಹಾಗೆ. ಕಿಟಕಿಯ ಹತ್ತಿರವಿದ್ದ ಕಬ್ಬಿಣದ ಕಪಾಟು ಈಗ ಒಳಗಿನ ಮೂಲೆಯಲ್ಲಿದೆ. ಯಾಕೆಂದು ದಯವಿಟ್ಟು ಯಾರೂ ಕೇಳಬೇಡಿ.

ಅಷ್ಟರಲ್ಲಿ ನನ್ನ ಇನ್ನೊಂದು ಜಾಣತನ ಬಯಲಾಯಿತು. ಹಿಂದಿನ ರಾತ್ರಿ ಎಲ್ಲ ಟೈಲ್ಸನ್ನೂ ನೀರಿನ ಟಾಕಿಯಲ್ಲಿ ಮುಳುಗಿಸಿಟ್ಟಿದ್ದೆ. ಮಾವನ ಮನೆಯಲ್ಲಿ ಹಾಗೆ ಮಾಡಿದ್ದನ್ನು ಕಂಡಿದ್ದೆನಲ್ಲ!

“ಇದೆಂತಕ್ಕೆ ಮಾಸ್ತರ್ರೆ?”

“ನೆನೀಲಿ ಅಂತ.”

“ಅದು ಸೆರಾಮಿಕ್ಕಿಗೆ. ಇದು ವಿಟ್ರಿಫೈಡ್, ನೀರು ಕುಡಿಯೂದಿಲ್ಲ.”

ನೂರು ಗ್ರಾಂ ಟೈಲ್ಸ್ ಅರ್ಧ ಗ್ರಾಂ ನೀರನ್ನೂ ಹೀರುವುದಿಲ್ಲವಂತೆ. ಹೀರದ್ದಕ್ಕೆ ಸಿಮೆಂಟಿನ ಹಾಲೂ ಸರಿಯಾಗಿ ಕಚ್ಚುವುದಿಲ್ಲ. ಅದಕ್ಕೇ ಬೇರೆ ಅಂಟು ಬೇಕು, ಅದನ್ನು ಹಲ್ಲಿನ ಕರಣೆಯಿಂದ ಬಾಚಿದ ಹಾಗೆ ಎಳೆದು ಹರಡಬೇಕು. 64 ಟೈಲ್ಸನ್ನೂ ಅಂಗಳದಲ್ಲಿ ಹಪ್ಪಳದಂತೆ ಒಣಹಾಕಿ, ಕಾಗೆ ಬರದಂತೆ ನಾನೇ ಕಾಯುತ್ತ ಕೂತೆ. ಟೈಲ್ಸಿಗೆ ಕಾಗೆ ಯಾಕೆ ಬರುತ್ತದೆಂದು ಮಧ್ಯಾಹ್ನದ ಮೇಲೆ ಹೊಳೆಯಿತು.

ಬಚ್ಚಲಿಗೆ ಮರಳು ಕಡಿಮೆ ಬಿದ್ದಾಗ, “ಸಮುದ್ರ ಇಲ್ಲೇ ಇದೆಯಲ್ಲ, ಎರಡು ಬುಟ್ಟಿ ತರೋಣ” ಅಂದೆ. ಮೇಸ್ತ್ರಿ ಕರಣೆ ಕೆಳಗಿಟ್ಟು ಕೈ ಮುಗಿದ. ಆ ಮರಳಿನ ಉಪ್ಪು ಮಳೆಗಾಲದ ತೇವದಲ್ಲಿ ಮೇಲೆದ್ದು ಸಂದಿಸಂದಿಯಲ್ಲಿ ಬೆಳ್ಳಗೆ ಅರಳುತ್ತದಂತೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಊರು ನಮ್ಮದು. ನಾನು ಸತ್ಯಾಗ್ರಹವಿಲ್ಲದೆ ಬಚ್ಚಲಲ್ಲೇ ಉಪ್ಪು ತೆಗೆಯುವುದರಲ್ಲಿದ್ದೆ.

ಇಷ್ಟೆಲ್ಲ ಮಾನ ಹೋದ ಮೇಲೆ ಸುಮ್ಮನಿರಬೇಕಿತ್ತು. ಬದಲಿಗೆ ಒಂದು ರಸಮಟ್ಟ ಕೊಂಡು ತಂದೆ. ಹಾಲಿನಲ್ಲಿ ಪ್ರತಿ ಟೈಲ್ಸಿನ ಮೇಲೂ ಅದನ್ನಿಟ್ಟು, ಗಾಜಿನೊಳಗಿನ ಗುಳ್ಳೆ ಎರಡು ಗೆರೆಗಳ ನಡುವೆ ಬರುವವರೆಗೆ ಮೇಸ್ತ್ರಿಯ ರಬ್ಬರ್ ಸುತ್ತಿಗೆಗೆ ಬಿಡುವು ಕೊಡಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ನಾಣ್ಯ ಹಿಡಿದು ಟಕ್ ಟಕ್ ಎಂದು ಕುಟ್ಟುತ್ತ ಹೋದೆ. ಅಡಿಯಲ್ಲಿ ಅಂಟು ತುಂಬದ ಕಡೆ ‘ಡಬ್’ ಅನ್ನುತ್ತದೆಂದು ಕೇಳಿದ್ದೆ. ಹೆಂಡತಿ ಎದ್ದು ಬಂದು, “ಒಳಗಿಂದ ಯಾರಾದ್ರೂ ಬಾಗಿಲು ತೆಗೀತಾರೇನ್ರೀ?” ಅಂದಳು.

ಮರುದಿನ ಬಚ್ಚಲು. ರಸಮಟ್ಟ ಇಟ್ಟೆ. ಗುಳ್ಳೆ ಒಂದು ಬದಿಗೆ ಓಡಿತು.

“ಇದು ವಾರೆ ಆಯ್ತಲ್ಲೋ!”

“ಬಚ್ಚಲಲ್ವಾ ಮಾಸ್ತರ್ರೆ, ಮೀಟರಿಗೆ ಒಂದೂವರೆ ಸೆಂಟಿಮೀಟರ್...”

“ಗುಳ್ಳೆ ನಡುವಿಗೆ ಬರಬೇಕು ಅಂದ್ರೆ ಬರಬೇಕು.”

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಮೂವತ್ತು ವರ್ಷ ಹಿಂದೆ ಬೆಂಚಿನ ಮೇಲಿಂದ ನೋಡುತ್ತಿದ್ದ ಅದೇ ನೋಟ. “ಆಗ್ಲಿ ಮಾಸ್ತರ್ರೆ” ಎಂದು ಹಾಕಿದ್ದನ್ನೆಲ್ಲ ಎಬ್ಬಿಸಿ ಮತ್ತೆ ಕೂರಿಸಿದ. ಗುಳ್ಳೆ ನಡುವಿಗೆ ಬಂತು. ಆಯಿ ಕೋಲೂರಿಕೊಂಡು ಬಂದು ಇಣುಕಿ, “ನೀರು ಹೋಗೂಕೆ ದಾರಿ ಎಲ್ಲದೆ?” ಎಂದು ಕೇಳಿದಳು. “ಜಾಲಿ ಇದೆಯಲ್ಲ ಆಯಿ” ಅಂದೆ. ಹಳೆಯ ಬಚ್ಚಲಲ್ಲಿ ಅಪ್ಪ ಹಾಸಿದ್ದ ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದರೂ ತಾನಾಗಿ ಹಿತ್ತಲಿಗೆ ಹೋಗಿ ಬಾಳೆ, ಕೆಸುವಿನ ಬುಡ ಸೇರುತ್ತಿತ್ತು. ಅಪ್ಪನ ಹತ್ತಿರ ರಸಮಟ್ಟ ಇರಲಿಲ್ಲ.

ವೈಶಾಖದಲ್ಲಿ ಬಂಡಿಹಬ್ಬ ಬಂತು, ನೆಂಟರು ಬಂದರು. ಹೊಳೆಯುವ ನೆಲ ನೋಡಿ ಹೊಗಳಿದರು. ಆ ವಾರದ ಸೆಕೆಗೆ, ಸಮುದ್ರದ ಕಡೆಯ ಹಸಿಗಾಳಿಗೆ, ತಣ್ಣಗಿನ ಟೈಲ್ಸ್ ಬೆವರಿ ನೀರೊಡೆದಿತ್ತು. “ಡಬಲ್ ಚಾರ್ಜ್” ಎಂದು ವಿವರಿಸುತ್ತಲೇ ಕಾಲು ಜಾರಿ, ಬಾಗಿಲಿಂದ ಟಿವಿಯವರೆಗೆ ಕೂತೇ ಹೋದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಊಟದ ಮೇಲೆ ಇಶಾಡ ಮಾವಿನ ಹಣ್ಣು. ಎಪಾಕ್ಸಿ ದುಬಾರಿಯೆಂದು ಸಂದಿಗೆ ನಾನು ತುಂಬಿಸಿದ್ದು ಬಿಳಿ ಸಿಮೆಂಟಿನ ಗ್ರೌಟು. ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಹಾಲಿನಲ್ಲಿ ಆ ಗುರುತು ಒಟ್ಟು ಹನ್ನೊಂದು ಕಡೆ ಸಿಕ್ಕಿದೆ.

ಹೆಂಡತಿಯ ಅಣ್ಣ ಸ್ನಾನಕ್ಕೆ ಹೋದವರು ಬಾಗಿಲು ತುಸು ತೆಗೆದು, “ಭಾವ, ನೀರು ಎಲ್ಲಿಗೂ ಹೋಗ್ತಾ ಇಲ್ಲ” ಅಂದರು. ಹೋಗಿ ನೋಡಿದೆ. ಜಾಲಿ ಮೂಲೆಯಲ್ಲಿತ್ತು. ನೀರು ಬಚ್ಚಲ ತುಂಬ ಸಮನಾಗಿ, ಮೀಟರಿಗೆ ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ನಿಂತಿತ್ತು.

ಮೇಸ್ತ್ರಿಗೆ ಫೋನು ಮಾಡಿದೆ. ಒಡೆದು ಹಾಕಲು ಮಳೆಗಾಲ ಮುಗಿಯಬೇಕು ಎಂದ. ಅದಾಗಿ ಎರಡು ಮಳೆಗಾಲ ಮುಗಿದಿವೆ. ಪೇಟೆಯಿಂದ ರಬ್ಬರಿನ ವೈಪರ್ ತಂದಿದ್ದೇನೆ. ಮನೆಯಲ್ಲಿ ಯಾರ ಸ್ನಾನ ಮುಗಿದರೂ “ಆಯ್ತು” ಎಂದು ಕೂಗುತ್ತಾರೆ, ನಾನು ಪಂಚೆ ಎತ್ತಿ ಕಟ್ಟಿ ವೈಪರ್ ಹಿಡಿದು ಒಳಗೆ ಹೋಗುತ್ತೇನೆ. ಬೆಳಿಗ್ಗೆ ನಾಲ್ಕು ಸಲ, ಸಂಜೆ ಎರಡು ಸಲ. ನೆಂಟರಿದ್ದರೆ ಲೆಕ್ಕವಿಲ್ಲ.