ಅಜ್ಞಾತವಾಸ ಮೀಮಾಂಸೆ ಅಥವಾ ಹಾನಗಲ್ ಸೀಮೆಯ ಫೇಕ್ ಅಕೌಂಟುಗಳು

ಪೀಠಿಕೆ

ಫೇಕ್ ಅಕೌಂಟ್ ಅಮೆರಿಕದಲ್ಲಿ ಹುಟ್ಟಿತೆಂದು ನಂಬಿರುವ ಅಲ್ಪಜ್ಞರ ಕಣ್ಣು ತೆರೆಸುವುದೇ ಈ ಪ್ರಬಂಧದ ಉದ್ದೇಶ. ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹೊಸ ಐಡಿ ಪಡೆಯುವುದಕ್ಕೆ ಎಷ್ಟೋ ಮೊದಲೇ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಈ ಶಾಸ್ತ್ರ ಕಾಯಿಕಟ್ಟಿ ಹಣ್ಣಾಗಿತ್ತು. ಆಧಾರಗಳು ಮೂರು: ಪುರಾಣ, ಶಾಸನ ಮತ್ತು ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿ. ಇವುಗಳೊಳಗೆ ಭಿನ್ನಾಭಿಪ್ರಾಯ ಬಂದಲ್ಲೆಲ್ಲ ಚಹಾದಂಗಡಿಯ ಮಾತನ್ನೇ ಪ್ರಮಾಣವೆಂದು ಹಿಡಿಯಲಾಗಿದೆ.

ಸೂತ್ರ 1: ಹೆಸರು ಅಡಗೀತು, ಚಾಳಿ ಅಡಗದು

ಭಾಷ್ಯ: ಹಾನಗಲ್ಲನ್ನು ಶಾಸನಗಳು ಪಾನುಂಗಲ್ ಎಂದೂ ವಿರಾಟನಗರ ಎಂದೂ ಕರೆಯುತ್ತವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂಬುದು ಊರವರ ನಂಬಿಕೆ. ತಾನೇ ವಿರಾಟನಗರವೆಂದು ರಾಜಸ್ಥಾನದ ಬೈರಾಟ್ ಕೂಡ ಹೇಳಿಕೊಳ್ಳುತ್ತದೆ. ಎರಡಕ್ಕೂ ನೀಲಿ ಟಿಕ್ ಸಿಕ್ಕಿಲ್ಲವಾಗಿ, ಶುದ್ಧ ಜಿಲ್ಲಾಭಿಮಾನದ ಮೇಲೆ ಹಾನಗಲ್ಲೇ ಅಸಲಿ ಖಾತೆಯೆಂದು ತೀರ್ಮಾನಿಸಿದ್ದೇವೆ.

ಧರ್ಮರಾಯ ಕಂಕನಾದ, ಭೀಮ ವಲಲನಾದ, ಅರ್ಜುನ ಬೃಹನ್ನಳೆಯಾದ, ದ್ರೌಪದಿ ಸೈರಂಧ್ರಿಯಾದಳು. ಇವು ಊರಿಗೆ ತೋರಿಸುವ ಹೆಸರು. ತಮ್ಮತಮ್ಮೊಳಗೆ ಕರೆಯಲು ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂಬ ಬೇರೆ ಐದು ಗುಪ್ತನಾಮ. ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ನಿಗೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕೆ? ಆಯುಧಗಳನ್ನು ಬನ್ನಿಮರದ ಮೇಲೆ ಕಟ್ಟಿ, ಜೊತೆಗೊಂದು ಹೆಣ ನೇತುಹಾಕಿ, ಇದು ನೂರೆಂಬತ್ತು ವರ್ಷ ಬಾಳಿದ ನಮ್ಮ ತಾಯಿ ಎಂದು ದನಗಾಹಿಗಳಿಗೆ ಹೇಳಿ ಬಂದರು. ಮರ ಹತ್ತುವುದು ಮೊದಲ ಹಂತ, ಹೆಣದ ವಾಸನೆ ದಾಟುವುದು ಎರಡನೆಯ ಹಂತ. ವಾಟ್ಸಾಪ್ ಆರಂಕಿಯ ಪಿನ್ ಕೇಳುವ ಟೂ ಸ್ಟೆಪ್ ವೆರಿಫಿಕೇಶನ್ ನಿಂತಿರುವುದು ಇದೇ ತತ್ವದ ಮೇಲೆ. ನಮ್ಮ ಜನ ಮಾತ್ರ ಹೆಣದ ಜಾಗದಲ್ಲಿ ಮಗಳು ಹುಟ್ಟಿದ ತಾರೀಖು ಕಟ್ಟಿ, ಅದೇ ತಾರೀಖಿಗೆ ಕೇಕಿನ ಫೋಟೊ ಸ್ಟೇಟಸ್ಸಿಗೆ ಹಾಕುತ್ತಾರೆ.

ಇಷ್ಟು ಬಂದೋಬಸ್ತು ಮಾಡಿಯೂ ಪಾಂಡವರ ಸುಳಿವು ಸಿಕ್ಕಿದ್ದು ಹೇಗೆ? ಕೀಚಕ ಮಾಂಸದ ಮುದ್ದೆಯಾಗಿ ಬಿದ್ದಿದ್ದ. ಗಂಧರ್ವರು ಕೊಂದರೆಂದು ಸೈರಂಧ್ರಿ ಹೇಳಿದಳು. ಸುದ್ದಿ ಕೇಳಿದ ದುರ್ಯೋಧನ, ಅವನನ್ನು ಹಾಗೆ ಕೊಲ್ಲಬಲ್ಲವನು ಭೀಮನೇ ಎಂದು ಕೂತಲ್ಲೇ ಊಹಿಸಿದನೆಂಬುದು ನಮ್ಮ ಕಡೆಯ ಕಥೆ. ಪ್ರೊಫೈಲ್ ವಲಲನದು, ಗುದ್ದು ಭೀಮನದು.

ಈಗಿನ ದೃಷ್ಟಾಂತ: ಊರಿನ ಫೇಸ್‌ಬುಕ್ ಗ್ರೂಪಿನಲ್ಲಿ ‘ಒಂಟಿ ಸಲಗ’ ಎಂಬಾತ ನಡುರಾತ್ರಿ ಪಂಚಾಯ್ತಿ ಸದಸ್ಯರ ಜನ್ಮ ಜಾಲಾಡುತ್ತಾನೆ. ಡಿಪಿಯಲ್ಲಿ ಆನೆ. ಬೆಳಗಾಗುವುದರೊಳಗೆ ಆನೆ ಯಾರೆಂದು ಚಹಾದಂಗಡಿಗೆ ಗೊತ್ತು. ಸಲಗ ‘ಭ್ರಷ್ಟಾಚಾರ’ವನ್ನು ಅಲ್ಪಪ್ರಾಣದಲ್ಲೇ ಮುಗಿಸಿ, ಮುಂದೆ ನಾಲ್ಕು ಚುಕ್ಕಿ ಇಟ್ಟು, ಎರಡು ಕೈಮುಗಿಯುವ ಎಮೋಜಿ ಹಾಕುತ್ತಾನೆ. ಹಿಂದಿನ ವಾರ ಸ್ವಂತ ಹೆಸರಿನಲ್ಲಿ ಹಾಕಿದ ‘ರೋಟವೇಟರ್ ಮಾರಾಟಕ್ಕಿದೆ’ ಎಂಬ ಪೋಸ್ಟಿನಲ್ಲೂ ಅದೇ ನಾಲ್ಕು ಚುಕ್ಕಿ, ಅದೇ ಎರಡು ಕೈ. “ಏನ್ರೀ ಸಲಗಣ್ಣಾರ, ರೋಟವೇಟರ್ ಹೋತೇನು?” ಎಂದು ಯಾರೋ ಕೇಳುತ್ತಾರೆ. “ಇನ್ನೂ ಇಲ್ರೀ” ಎಂದು ಬಾಯಿತಪ್ಪಿ ಉತ್ತರ ಬರುತ್ತದೆ. ಅಲ್ಲಿಗೆ ಅಜ್ಞಾತವಾಸ ಸಮಾಪ್ತಿ.

ಸೂತ್ರ 2: ಅಂಕಿತ ಬೇರೆ, ಮುಖವಾಡ ಬೇರೆ

ಪೂರ್ವಪಕ್ಷ: ಬೇರೆ ಹೆಸರಿನಲ್ಲಿ ಬರೆಯುವುದೇ ತಪ್ಪಾದರೆ ಹಿರಿಯರ ಗತಿಯೇನು? ಪುಷ್ಪದತ್ತ ಎಂದರೆ ಯಾರೂ ತಿರುಗಿ ನೋಡರು. ಹಿರೇಕೆರೂರು ಸೀಮೆಯ ಅಬಲೂರಿನ ಆ ಕವಿ ಬರೆದದ್ದು ‘ಸರ್ವಜ್ಞ’ ಎಂಬ ಹ್ಯಾಂಡಲ್ಲಿನಲ್ಲಿ. ಶಿಗ್ಗಾವಿ ತಾಲೂಕಿನ ಬಾಡದ ತಿಮ್ಮಪ್ಪನಾಯಕ ಕನಕದಾಸನಾಗಿ ಕಾಗಿನೆಲೆ ಆದಿಕೇಶವನ ಹೆಸರಲ್ಲಿ ಲಾಗಿನ್ ಆದ. ಅದೇ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರು ಹಾಡಿನ ಕೊನೆಗೆ ಶಿಶುನಾಳಧೀಶನನ್ನು ಕೂರಿಸಿದರು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ‘ವಿನಾಯಕ’ರಾಗಿ ಬರೆದರು. ಸವಣೂರಿನ ಮರಗಳೂ ಸಾಮಾನ್ಯವಲ್ಲ. ಆಫ್ರಿಕಾ ಮೂಲದ ಮೂರು ಬಾವೊಬಾಬ್‌ಗಳು ‘ದೊಡ್ಡ ಹುಣಸೆ’ ಎಂಬ ಪ್ರೊಫೈಲಿನಲ್ಲಿ ಶತಮಾನಗಟ್ಟಲೆ ಬಾಳಿವೆ; ಯಾರೂ ಕೆವೈಸಿ ಕೇಳಿದವರಿಲ್ಲ.

ಸಿದ್ಧಾಂತ: ಅಂಕಿತ ಇಟ್ಟವರು ಹೊಣೆ ಹೊರಲು ಇಟ್ಟರು, ಸಲಗ ಹೊಣೆ ಜಾರಿಸಲು ಇಟ್ಟ. ಸರ್ವಜ್ಞ ಡಂಭರನ್ನೂ ಜಿಪುಣರನ್ನೂ ಕುಲದ ಸೊಕ್ಕಿನವರನ್ನೂ ಬಿಡದೆ ಬೈದ. ಬೈದ ತ್ರಿಪದಿಯ ಕೊನೆಗೆ ರುಜು ಹಾಕಿದಂತೆ ತನ್ನ ಹೆಸರನ್ನೂ ಇಟ್ಟ. ಆ ಹೆಸರಿನ ಕಿಮ್ಮತ್ತು ಎಷ್ಟು ಏರಿತೆಂದರೆ, ಯಾರ್ಯಾರೋ ಕಟ್ಟಿದ ಪದ್ಯಗಳೂ ಅದರ ಕೆಳಗೆ ಬಂದು ಕೂತವು. ಉತ್ತಂಗಿ ಚನ್ನಪ್ಪನವರು ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಅಸಲಿ ಯಾವುದು, ಪ್ರಕ್ಷಿಪ್ತ ಯಾವುದು ಎಂಬ ಚರ್ಚೆ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ.

ಅಂದಿನ ಪ್ರಕ್ಷಿಪ್ತಕಾರರು ಸರ್ವಜ್ಞನ ಹೆಸರಲ್ಲಿ ಬುದ್ಧಿ ಹೇಳಿದರು. ಇಂದಿನವರು ನಿಮ್ಮ ಡಿಪಿ ಎತ್ತಿಕೊಂಡು ನಿಮ್ಮ ಬೀಗರಿಗೆ “ಅರ್ಜೆಂಟ್ ಹತ್ತು ಸಾವಿರ ಹಾಕ್ರಿ, ನಾಳೆ ಕೊಡತೇನಿ” ಎಂದು ಮೆಸೇಜು ಬಿಡುತ್ತಾರೆ. ಬೀಗರು ಹಾಕಿಯೂ ಬಿಡುತ್ತಾರೆ, ಯಾರಿಗೂ ಹೇಳುವುದಿಲ್ಲ, ಮುಂದಿನ ಸೀಮಂತದಲ್ಲಿ ನಿಮ್ಮ ಪಂಕ್ತಿಗೆ ಕೂರುವುದಿಲ್ಲ. ಇನ್ನೊಬ್ಬರ ಗುರುತು ಕದಿಯುವುದಕ್ಕೆ ಐಟಿ ಕಾಯ್ದೆಯ 66ಸಿ, ಸೋಗು ಹಾಕಿ ವಂಚಿಸುವುದಕ್ಕೆ 66ಡಿ. ಎರಡರಲ್ಲೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಹಣ ಹೋದ ಗಳಿಗೆಯಲ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಬೇಕು. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಹಾರುತ್ತದೆ. ಡಿಪಿ ಯಾರಿಗೆ ಕಾಣಬೇಕೆಂಬ ಸೆಟ್ಟಿಂಗನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಇಳಿಸುವುದಕ್ಕೆ ಅರ್ಧ ನಿಮಿಷ ಸಾಕು.

ಸೂತ್ರ 3: ಗುಟ್ಟಿನ ಪ್ರಶ್ನೆಗೆ ಕಾಗದದಲ್ಲಿಲ್ಲದ ಉತ್ತರ

ಭಾಷ್ಯ: ನಿಮ್ಮಪ್ಪ ಯಾರೆಂದು ಗುರು ಗೋವಿಂದ ಭಟ್ಟರು ಕೇಳಿದಾಗ, ನಿಮ್ಮಪ್ಪನೇ ನಮ್ಮಪ್ಪ ಎಂದು ಷರೀಫರು ಉತ್ತರಿಸಿದರೆಂಬ ಕಥೆ ಆ ಭಾಗದಲ್ಲಿ ಮನೆಮಾತು. ಸೆಕ್ಯೂರಿಟಿ ಪ್ರಶ್ನೆಗೆ ಇದಕ್ಕಿಂತ ಭದ್ರವಾದ ಉತ್ತರವಿಲ್ಲ. ಯಾವ ರೇಷನ್ ಕಾರ್ಡ್ ತಿರುವಿದರೂ ಸಿಗುವುದಿಲ್ಲ. ನಾವಾದರೋ ತಂದೆಯ ಹೆಸರು, ಮನೆತನ, ಹುಟ್ಟೂರು, ಮೊಬೈಲ್ ನಂಬರು ಎಲ್ಲವನ್ನೂ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಹತ್ತಾರು ಗ್ರೂಪಿಗೆ ಹಂಚುತ್ತೇವೆ. ಕಳ್ಳರಿಗೂ ಇದರ ರುಚಿ ಹತ್ತಿ, ಈಗ ಲಗ್ನಪತ್ರಿಕೆಯ ಸೋಗಿನಲ್ಲಿ ಎಪಿಕೆ ಫೈಲ್ ಕಳಿಸುತ್ತಿದ್ದಾರೆ. ಒತ್ತಿದವರ ಮೊಬೈಲೇ ಗಂಡಿನ ಕಡೆ ಸೇರುತ್ತದೆ.

ಸೂತ್ರ 4: ಯಾರೂ ನೋಡದ ಜಾಗವಿಲ್ಲ

ಭಾಷ್ಯ: ಯಾರೂ ಕಾಣದಲ್ಲಿ ಬಾಳೆಹಣ್ಣು ತಿಂದು ಬನ್ನಿ ಎಂದು ವ್ಯಾಸರಾಯರು ಕಳಿಸಿದಾಗ ಕನಕನೊಬ್ಬ ಹಣ್ಣು ವಾಪಸು ತಂದ. ಉಳಿದ ಶಿಷ್ಯರ ಸಂತತಿಯೇ ಇಂದು ‘ಡಿಲೀಟ್ ಫಾರ್ ಎವ್ರಿವನ್’ ನಂಬಿಕೊಂಡು ಬಯ್ಯುತ್ತಿರುವುದು. ವಾಟ್ಸಾಪ್ ಗ್ರೂಪಿನಲ್ಲಿ 1024 ಜನರವರೆಗೆ ಇರಬಹುದು; ಸ್ಕ್ರೀನ್‌ಶಾಟಿಗೆ ಒಬ್ಬ ಸಾಕು, ಅವನು ಸಾಮಾನ್ಯವಾಗಿ ನಿಮ್ಮ ಸೋದರಮಾವನ ಮಗನೇ ಆಗಿರುತ್ತಾನೆ. ಆದ್ದರಿಂದ ಪರೀಕ್ಷೆ ಒಂದೇ: ಕಳಿಸುವ ಮುನ್ನ ಮೆಸೇಜಿನ ಕೊನೆಗೆ ನಿಮ್ಮ ಹೆಸರು, ನಿಮ್ಮೂರ ದೇವರ ಹೆಸರು ಸೇರಿಸಿ ಒಮ್ಮೆ ಓದಿ. ಅಂಕಿತ ಹಾಕಲು ಕೈ ಹಿಂಜರಿದರೆ, ಆ ಮಾತಿಗೆ ಯಾವ ಮುಖವಾಡವೂ ಸಾಲದು.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದವರ ಪಿನ್ ಸೋರದು, ಬೀಗತನ ಕೆಡದು, ರೋಟವೇಟರ್ ಒಳ್ಳೆಯ ರೇಟಿಗೆ ಹೋಗುವುದು. ಓದದೆ ಫಾರ್ವರ್ಡ್ ಮಾಡಿಯೇ ಪುಣ್ಯ ಗಳಿಸುವೆನೆಂಬವರು ಗಮನಿಸಬೇಕು: ವಾಟ್ಸಾಪಿನಲ್ಲಿ 2018ರಿಂದ ಒಂದು ಸಲಕ್ಕೆ ಐದೇ ಚಾಟ್, ಪುಣ್ಯವೂ ಅಷ್ಟಕ್ಕೇ.