ಎತ್ತಂಗಡಿ ಹಬ್ಬ

2025ರ ಮಾರ್ಚ್ 7, ಶುಕ್ರವಾರ. ಟೊರೊಂಟೊ ಪಕ್ಕದ ಊರಿನಲ್ಲಿರುವ ಮಗಳ ಮನೆಯಲ್ಲಿ ನನಗೊಂದು ಡ್ಯೂಟಿ ಬಿತ್ತು. ಮೊಮ್ಮಗ ಒಂದು ಕಾಲಿಗೆ ಬೂಟು ಏರಿಸಿ ಇನ್ನೊಂದನ್ನು ಹುಡುಕುತ್ತಲೇ ನನ್ನ ಕೈಗೆ ನೋಟ್‌ಬುಕ್ಕು ತುರುಕಿದ. "ಅಜ್ಜಿ, ಇವತ್ತು ಟಿವಿ ಆಫ್ ಮಾಡಬೇಡ. ಮೂರು ಗಂಟೆ ತನಕ ಯಾರ್ಯಾರು ಯಾವ ಟೀಮಿಂದ ಯಾವ ಟೀಮಿಗೆ ಹೋದರು ಅಂತ ಬರೆದಿಡು. ಸ್ಕೂಲಲ್ಲಿ ಫೋನ್ ನೋಡೋಕೆ ಬಿಡಲ್ಲ."

ಮೂವತ್ತೊಂದು ವರ್ಷ ಸರ್ಕಾರಿ ಹೈಸ್ಕೂಲುಗಳಲ್ಲಿ ಗಣಿತ ಹೇಳಿ, ಹಾಜರಿ ಕೂಗಿ, ಅಂಕಪಟ್ಟಿ ಬರೆದು ನಿವೃತ್ತಳಾದವಳಿಗೆ ಪಟ್ಟಿ ಬರೆಯುವುದು ಹೊಸದಲ್ಲ. ಹೊಸದಾಗಿದ್ದದ್ದು ಆಟ. ಅಲ್ಲಿಯ ತನಕ ನನಗೆ ಹಾಕಿ ಅಂದರೆ ಮೈದಾನದ ಆಟ, ಕೊಡಗಿನವರ ಆಟ. ಇಲ್ಲಿಯದು ಮಂಜುಗಡ್ಡೆಯ ಮೇಲಿನದು. ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ. ಕಾಲಿಗೆ ಚಾಕು ಕಟ್ಟಿಕೊಂಡಂತಿರುವ ಗಟ್ಟಿಮುಟ್ಟು ಗಂಡಸರು ಅದರ ಹಿಂದೆ ಜಾರುತ್ತಾರೆ; ನಡುವೆ ಕೈಗವಸು ಕಿತ್ತೆಸೆದು ಹೊಡೆದಾಡುತ್ತಾರೆ; ಹೊಡೆದಾಡಿದವರನ್ನು ಐದು ನಿಮಿಷ ಮೂಲೆಯ ಗೂಡಿನಲ್ಲಿ ಕೂಡಿಸುತ್ತಾರೆ. ಈ ಶಿಕ್ಷೆಯೊಂದು ಮಾತ್ರ ನನಗೆ ಮೊದಲ ದಿನವೇ ಪೂರ್ತಿ ಅರ್ಥವಾಯಿತು.

ಎನ್‌ಎಚ್‌ಎಲ್ ಎಂಬ ಈ ಲೀಗಿನಲ್ಲಿ ಮೂವತ್ತೆರಡು ತಂಡಗಳು. ಆ ಸಲ ಒಂದೊಂದೂ ಎಂಬತ್ತೆರಡು ಪಂದ್ಯ ಆಡಬೇಕಿತ್ತು. ಆಟಗಾರರನ್ನು ಒಬ್ಬರಿಗೊಬ್ಬರು ಅದಲುಬದಲು ಮಾಡಿಕೊಳ್ಳಲು ಮಾರ್ಚ್ ತಿಂಗಳ ಒಂದು ದಿನ ಮಧ್ಯಾಹ್ನ ಮೂರು ಗಂಟೆ ಗಡುವು. ಆ ಗಂಟೆ ದಾಟಿ ಬಂದವನು ಆ ಸಲದ ಸ್ಟಾನ್ಲಿ ಕಪ್ಪಿನ ಪಂದ್ಯಗಳಿಗೆ ಇಳಿಯುವಂತಿಲ್ಲ. ಹಾಗಾಗಿ ಅವತ್ತು ಬೆಳಿಗ್ಗೆಯಿಂದಲೇ ಕ್ರೀಡಾ ಚಾನೆಲ್ಲಿನಲ್ಲಿ ಕೋಟು ತೊಟ್ಟ ಆರೇಳು ಜನ ಮೇಜಿನ ಸುತ್ತ ಕೂತು ಫೋನನ್ನೇ ನೋಡುತ್ತಿರುತ್ತಾರೆ. ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಬೀಗರ ಬಸ್ಸು ಎಲ್ಲೋ ಕೆಟ್ಟು ನಿಂತಾಗ ಛತ್ರದ ಬಾಗಿಲಲ್ಲಿ ಕಾಯುವವರ ಹಾಗೆ ಅವರು ಸುಮ್ಮನೆ ಮಾತಾಡುತ್ತಲೇ ಇರುತ್ತಾರೆ.

ಆ ಮಾತಿನಲ್ಲಿ ಒಂದು ಪದ ಹತ್ತು ನಿಮಿಷಕ್ಕೊಮ್ಮೆ ಬರುತ್ತಿತ್ತು. ಇವನು ಚೆನ್ನಾಗಿ ಆಡುತ್ತಿಲ್ಲ, ಇವನಿಗೆ ಸೀನರಿ ಬದಲಾಗಬೇಕು. ಅವನು ಎರಡು ತಿಂಗಳಿಂದ ಗೋಲು ಹೊಡೆದಿಲ್ಲ, ಅವನಿಗೂ ಸೀನರಿ ಬದಲಾಗಬೇಕು. ನನ್ನ ಕಾಲದವರಿಗೆ ಸೀನರಿ ಎಂದರೆ ಕಂಪನಿ ನಾಟಕದ ಪರದೆ. ಅರಮನೆ ಸುತ್ತಿಕೊಂಡು ಮೇಲೆ ಹೋಗುತ್ತದೆ, ಕಾಡು ಬಿಚ್ಚಿಕೊಂಡು ಕೆಳಗೆ ಬರುತ್ತದೆ. ರಾಜ ಮಾತ್ರ ಅದೇ ಹಳೆಯ ರಾಜ, ಅದೇ ಕೀರಲು ದನಿ. ಪರದೆ ಬದಲಾದ ಮಾತ್ರಕ್ಕೆ ಅವನ ದನಿ ಸರಿಹೋದದ್ದನ್ನು ನಾನಂತೂ ಕಂಡಿಲ್ಲ.

ನಮ್ಮ ಇಲಾಖೆಯಲ್ಲಿ ಇದಕ್ಕೆ ಎತ್ತಂಗಡಿ ಎಂಬ ಒಳ್ಳೆಯ ಪದವಿದೆ. ಆದರೆ ಅದು ಔಷಧವಲ್ಲ, ಏಟು. ರಸ್ತೆ ಬದಿಯ ಶಾಲೆಯಲ್ಲಿದ್ದ ಮೇಷ್ಟರನ್ನು ಒಂದು ಬೆಳಿಗ್ಗೆ ದಿನಕ್ಕೆರಡು ಬಸ್ಸಿನ ಊರಿಗೆ ಎಸೆಯುತ್ತಾರೆ. "ನಿಮ್ಮ ಪ್ರತಿಭೆ ಅಲ್ಲಿ ಅರಳಲಿ" ಎಂದು ಯಾವ ಆದೇಶದಲ್ಲೂ ಬರೆದಿರುವುದಿಲ್ಲ. ನನ್ನನ್ನೂ ಹಾಗೆ ಮೂರು ಸಲ ಎತ್ತಿದ್ದಾರೆ. ಎರಡನೆಯ ಊರಿನಲ್ಲಿ ನಾನು ನಿಜವಾಗಿಯೂ ಒಳ್ಳೆಯ ಟೀಚರಾದೆ. ಅದು ಅಲ್ಲಿಯ ಗಾಳಿಯೋ, ಅಲ್ಲಿ ಟಿವಿ ಬರದೆ ಇದ್ದದ್ದೋ ಹೇಳಲಾರೆ.

ಟಿವಿ ಪಕ್ಕದ ಕಿಟಕಿಯಲ್ಲಿ ಮಗಳ ಕರಿಬೇವಿನ ಕುಂಡವಿತ್ತು. ಆ ಚಳಿಗಾಲದಲ್ಲಿ ಅದರದು ಮೂರನೇ ಎತ್ತಂಗಡಿ. ಅಡುಗೆಮನೆಯಲ್ಲಿ ಎಲೆ ಉದುರಿಸಿತು, ಮಹಡಿಯ ರೂಮಿಗೆ ಹೋಯಿತು. ಅಲ್ಲಿ ಇನ್ನಷ್ಟು ಉದುರಿಸಿತು, ದಕ್ಷಿಣದ ಈ ಕಿಟಕಿಗೆ ಬಂತು. ಈಗ ಉದುರಿಸಲು ಏನೂ ಉಳಿದಿರಲಿಲ್ಲವಾಗಿ ಸುಮ್ಮನಿತ್ತು.

ಹಾಕಿಯ ಕಥೆಗಳನ್ನು ನನಗೆ ಊಟದ ಹೊತ್ತಿಗೆ ಬಡಿಸುವವನು ಅಳಿಯ. "ಅತ್ತೆ, ಜಾಗ ಬದಲಾದರೆ ಆಟ ಬದಲಾಗಲ್ಲ ಅಂತೀರಲ್ಲ, ಸ್ಯಾಮ್ ಬೆನೆಟ್ ಕಥೆ ಕೇಳಿ" ಎಂದು ಶುರು ಮಾಡಿದ. 2014ರಲ್ಲಿ ಹೊಸ ಹುಡುಗರನ್ನು ಆರಿಸುವಾಗ ಕ್ಯಾಲ್ಗರಿ ತಂಡ ಇವನನ್ನು ನಾಲ್ಕನೆಯವನಾಗಿ ಎತ್ತಿಕೊಂಡಿತಂತೆ. ಅದಕ್ಕೆ ಮುಂಚಿನ ದೇಹಬಲದ ಪರೀಕ್ಷೆಯಲ್ಲಿ ಕಂಬಿಗೆ ಜೋತುಬಿದ್ದು ಗಲ್ಲವನ್ನು ಮೇಲಕ್ಕೆ ತರಲು ಅವನಿಂದ ಒಂದು ಸಲವೂ ಆಗಲಿಲ್ಲ. ಒಂದೇ ಒಂದು ಸಲ! ನನಗೆ ಆ ಹುಡುಗ ಅಲ್ಲೇ ಇಷ್ಟವಾಗಿಬಿಟ್ಟ. ಕ್ಯಾಲ್ಗರಿಯಲ್ಲಿ ವರ್ಷಗಳು ಕಳೆದವು, ನಿರೀಕ್ಷೆ ಕೈಗೂಡಲಿಲ್ಲ. 2020-21ರಲ್ಲಂತೂ ಮೂವತ್ತೆಂಟು ಪಂದ್ಯಕ್ಕೆ ಹನ್ನೆರಡು ಪಾಯಿಂಟು. ಗೋಲು ಹೊಡೆದರೂ ಪಾಯಿಂಟು, ಹೊಡೆಯುವವನಿಗೆ ಬಿಲ್ಲೆ ಒದಗಿಸಿದರೂ ಪಾಯಿಂಟು. ತನಗೆ ಬೇರೆ ಜಾಗ ಬೇಕೆಂದು ಅವನ ಕಡೆಯವರೇ ಸುದ್ದಿ ಬಿಟ್ಟರು. 2021ರ ಏಪ್ರಿಲ್‌ನಲ್ಲಿ ಫ್ಲೋರಿಡಾಕ್ಕೆ ಹೋದ. ಮೊದಲ ಹತ್ತು ಪಂದ್ಯಕ್ಕೆ ಹದಿನೈದು ಪಾಯಿಂಟು! ಆಮೇಲೆ 2024ರಲ್ಲಿ ಸ್ಟಾನ್ಲಿ ಕಪ್. ನಾನು ಊರಿಗೆ ವಾಪಸಾದ ಮೇಲೆ 2025ರಲ್ಲಿ ಇನ್ನೊಂದು ಕಪ್, ಜೊತೆಗೆ ಆ ಪಂದ್ಯಗಳ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈಥ್ ಟ್ರೋಫಿ.

"ಹಿತ್ತಲ ಗಿಡ ಮದ್ದಲ್ಲ" ಎಂದೆ.

"ಅದೇ ಅತ್ತೆ. ನಮ್ಮ ಟೊರೊಂಟೊದವರ ಹಿತ್ತಲಿನ ಕಥೆ ಇನ್ನೂ ದೊಡ್ಡದು."

ಟೊರೊಂಟೊ ಮೇಪಲ್ ಲೀಫ್ಸ್ ಕೊನೆಯ ಸಲ ಕಪ್ ಗೆದ್ದದ್ದು 1967ರಲ್ಲಿ. ನಾನಾಗ ಲಂಗ ತೊಟ್ಟು ಕುಂಟೆಬಿಲ್ಲೆ ಆಡುತ್ತಿದ್ದೆ. ಈ ತಂಡದಲ್ಲಿ ಫಿಲ್ ಕೆಸೆಲ್ ಎಂಬೊಬ್ಬನಿದ್ದ. ಗೋಲು ಹೊಡೆಯುವುದರಲ್ಲಿ ನಿಸ್ಸೀಮ, ಮೈ ಮಾತ್ರ ನಮ್ಮ ಬೀದಿಯ ಬ್ಯಾಂಕ್ ಕ್ಯಾಶಿಯರನಂತೆ. ಸೋತಾಗಲೆಲ್ಲ ಬೈಗುಳ ಇವನಿಗೆ. 2015ರ ಜುಲೈ 1ರಂದು ಅವನನ್ನು ಪಿಟ್ಸ್‌ಬರ್ಗ್‌ಗೆ ಸಾಗಹಾಕಿದರು. ದಿನಾ ಮಧ್ಯಾಹ್ನ ಬೀದಿ ಬದಿಯ ಗಾಡಿಯಲ್ಲಿ ಹಾಟ್‌ಡಾಗ್ ತಿನ್ನುತ್ತಿದ್ದ ಎಂದು ಪತ್ರಿಕೆಯೊಂದರಲ್ಲಿ ಬೀಳ್ಕೊಡುಗೆಯ ಚುಚ್ಚುಮಾತೂ ಬಂತು. ಅವನು ಹೋದವನೇ 2016ರಲ್ಲಿ ಕಪ್ ಗೆದ್ದ, 2017ರಲ್ಲಿ ಇನ್ನೊಂದು. ಗೆದ್ದ ಕಪ್ಪನ್ನು ಒಂದು ದಿನ ಮನೆಗೆ ಒಯ್ಯುವ ಪದ್ಧತಿ ಇವರಲ್ಲಿದೆ. ಆ ಪವಿತ್ರ ಬೆಳ್ಳಿ ಬಟ್ಟಲಿನ ತುಂಬ ಹಾಟ್‌ಡಾಗ್ ತುಂಬಿ ಕೂತು ತಿಂದ. ಜಗಳಕ್ಕೆ ಇಷ್ಟು ಚೆಂದದ, ಇಷ್ಟು ಮೌನದ ಉತ್ತರ ಇನ್ನೊಂದಿರಲಾರದು. ಮೈ ಸರಿಯಿಲ್ಲ ಎನ್ನಿಸಿಕೊಂಡ ಅದೇ ಮನುಷ್ಯ ಒಂದೂ ಪಂದ್ಯ ತಪ್ಪಿಸದೆ ಸಾವಿರಕ್ಕೂ ಹೆಚ್ಚು ಪಂದ್ಯ ಸತತವಾಗಿ ಆಡಿ ಮುಂದೆ ದಾಖಲೆ ಬರೆದ.

ಇದರಲ್ಲಿ ನನಗೆ ಎಲ್ಲಕ್ಕಿಂತ ರುಚಿಸಿದ್ದು ಸಂಬಳದ ವಿಷಯ. ಕಳಿಸಿದ ತಂಡ ಹೋದವನ ಸಂಬಳದಲ್ಲಿ ಒಂದು ಪಾಲನ್ನು, ಅರ್ಧದವರೆಗೂ, ತಾನೇ ಕೊಡುತ್ತಿರಬಹುದು ಎಂಬ ನಿಯಮವಿದೆ. ಕೆಸೆಲ್‌ಗೆ ಟೊರೊಂಟೊದಿಂದ ವರ್ಷಕ್ಕೆ 12 ಲಕ್ಷ ಡಾಲರ್ 2022ರ ತನಕ ಹೋಗುತ್ತಿತ್ತು. ಅವನು ಅಲ್ಲಿ ಕಪ್ ಎತ್ತುವುದು, ಇವರು ಇಲ್ಲಿಂದ ಹಣ ಕಟ್ಟುವುದು. ಮಗಳನ್ನು ಧಾರೆ ಎರೆದು ಕೊಟ್ಟ ಮೇಲೂ ಗೌರಿ ಹಬ್ಬಕ್ಕೆ ಬಾಗಿನ, ದೀಪಾವಳಿಗೆ ಸೀರೆ ಎಂದು ತವರಿನವರು ಕಳಿಸುತ್ತಲೇ ಇರಬೇಕಲ್ಲ, ಆ ಲೆಕ್ಕ. ನಾನಿದನ್ನು ಹೇಳಿದಾಗ ಅಳಿಯ ತಟ್ಟೆ ನೋಡುತ್ತ ನಕ್ಕ.

ಹಳೆಯ ಅದಲುಬದಲುಗಳು ಇನ್ನೂ ತಮಾಷೆ. ಕ್ರಿಸ್ ಡ್ರೇಪರ್ ಎಂಬವನನ್ನು 1993ರಲ್ಲಿ ವಿನ್ನಿಪೆಗ್‌ನವರು ಡೆಟ್ರಾಯಿಟ್‌ಗೆ ಒಂದು ಡಾಲರಿಗೆ ಕೊಟ್ಟರು. ಅವನು ಅಲ್ಲಿ ನಾಲ್ಕು ಕಪ್ ಗೆದ್ದ. ಟಾಮ್ ಮಾರ್ಟಿನ್ ಎಂಬ ಕಿರಿಯರ ಲೀಗಿನ ಹುಡುಗನನ್ನಂತೂ 1983ರಲ್ಲಿ ಒಂದು ಹಳೆಯ ಬಸ್ಸಿಗೆ ಬದಲಾಯಿಸಿಕೊಂಡರು. ನಮ್ಮ ದನದ ಜಾತ್ರೆಯಲ್ಲಿ ಕೂಡ ಇಷ್ಟು ಬಿಚ್ಚುಮಾತಿಲ್ಲ. ಅಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಮುಟ್ಟಿ ಬೆಲೆ ಹೇಳುತ್ತಾರೆ. ಎತ್ತಿಗೆ ಬೇಜಾರಾಗದಿರಲಿ ಎಂದಿರಬೇಕು.

ಇದನ್ನೆಲ್ಲ ಕೇಳುವಾಗ ಕೊಡಗು ನೆನಪಾಗುತ್ತಿತ್ತು. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೌಟುಂಬಿಕ ಹಾಕಿ ಉತ್ಸವಕ್ಕೆ ಈಗ ಮುನ್ನೂರಕ್ಕೂ ಹೆಚ್ಚು ತಂಡ ಬರುತ್ತವೆ. ಒಂದೊಂದು ಮನೆತನ ಒಂದೊಂದು ತಂಡ. ಅಲ್ಲಿ ಅದಲುಬದಲಿನ ಮಾತೇ ಇಲ್ಲ. ಚಿಕ್ಕಪ್ಪನಿಗೆ ಓಡಲಾಗದಿದ್ದರೆ ಚಿಕ್ಕಪ್ಪನೇ. ಅವನನ್ನು ಪಕ್ಕದ ಮನೆತನಕ್ಕೆ ಕೊಟ್ಟು ಅವರ ಎರಡನೇ ಮಗನನ್ನು ತರುತ್ತೇವೆ, ಚಿಕ್ಕಪ್ಪನ ಊಟದ ಖರ್ಚಿನಲ್ಲಿ ಅರ್ಧ ನಾವೇ ಕೊಡುತ್ತೇವೆ ಎನ್ನಲು ಬರುತ್ತದೆಯೇ?

ಮಾರ್ಕಸ್ ನಾಸ್‌ಲಂಡ್ ಕಥೆಯನ್ನು ಅಳಿಯ ಕೊನೆಗೆ ಇಟ್ಟುಕೊಂಡಿದ್ದ, ಪಾಯಸದ ಹಾಗೆ. 1996ರ ಮಾರ್ಚ್ 20ರಂದು ಪಿಟ್ಸ್‌ಬರ್ಗ್‌ನವರು ಇವನನ್ನು ವ್ಯಾಂಕೂವರ್‌ಗೆ ಕೊಟ್ಟು ಆಲೆಕ್ ಸ್ಟೊಯಾನೊವ್ ಎಂಬ ಹೊಡೆದಾಟದ ಆಳನ್ನು ತಂದುಕೊಂಡರು. ನಾಸ್‌ಲಂಡ್ ಅಲ್ಲಿ ಎಂಟು ವರ್ಷ ನಾಯಕನಾಗಿದ್ದ. ಕೊನೆಗೆ ಅವನ 19ನೇ ನಂಬರಿನ ಅಂಗಿಯನ್ನು ಇನ್ನು ಯಾರೂ ತೊಡಬಾರದೆಂದು ಮೇಲೆ ತೂಗುಹಾಕಿದರು. ಆದರೆ ಹೋದ ಕೂಡಲೇ ಅರಳಿದ್ದಲ್ಲ. ಮೊದಲ ಪೂರ್ತಿ ವರ್ಷ ಇಪ್ಪತ್ತೊಂದು ಗೋಲು, ಮರುವರ್ಷ ಹದಿನಾಲ್ಕಕ್ಕೆ ಇಳಿಯಿತು, ಅದರ ಮುಂದಿನ ವರ್ಷ ಮೂವತ್ತಾರು. ನಾಟಿ ಮಾಡಿದ ಪೈರು ಬೇರು ಕಚ್ಚುವ ತನಕ ಹಳದಿಯಾಗಿಯೇ ನಿಲ್ಲುತ್ತದೆ. ಆಗ ಗದ್ದೆ ನೋಡಿ ಬಂದವರು ಮನೆಯಲ್ಲಿ ಅನ್ನ ಬಿಡುವಂತೆ ಮುಖ ಮಾಡುತ್ತಾರೆ.

"ಆ ಇನ್ನೊಬ್ಬ ಏನಾದ?" ಎಂದೆ.

"ಯಾರು?"

"ಬದಲಿಗೆ ಬಂದವನು."

ಅಳಿಯ ಫೋನು ತೆಗೆದು ನೋಡಿದ. 1991ರಲ್ಲಿ ಇಬ್ಬರನ್ನೂ ಆರಿಸಿದ್ದು ಒಂದೇ ದಿನ. ಸ್ಟೊಯಾನೊವ್ ಏಳನೆಯವನು, ನಾಸ್‌ಲಂಡ್ ಹದಿನಾರನೆಯವನು. ಪಿಟ್ಸ್‌ಬರ್ಗ್‌ನಲ್ಲಿ ಸ್ಟೊಯಾನೊವ್ ಆಡಿದ್ದು ನಲವತ್ತೈದು ಪಂದ್ಯ, ಹೊಡೆದದ್ದು ಎರಡು ಗೋಲು. ಅವನಿಗೂ ಅವತ್ತೇ ಸೀನರಿ ಬದಲಾಗಿತ್ತು.

ಎರಡನೇ ಊರಿನ ಶಾಲೆಯಲ್ಲಿ ಒಬ್ಬ ಮಾತುಗುಳಿ ಹುಡುಗನನ್ನು ನಾನು ಕೊನೆಯ ಬೆಂಚಿನಿಂದ ಎಬ್ಬಿಸಿ ಮೊದಲ ಬೆಂಚಿಗೆ ತಂದಿದ್ದೆ. ಅವನು ಈಗ ಎಂಜಿನಿಯರು; ಶಿಕ್ಷಕರ ದಿನಾಚರಣೆಗೆ ತಪ್ಪದೆ ಫೋನ್ ಮಾಡಿ, "ಮಿಸ್, ನೀವು ಜಾಗ ಬದಲಾಯಿಸಿದ್ದಕ್ಕೇ ನಾನು ಉದ್ಧಾರವಾದೆ" ಎನ್ನುತ್ತಾನೆ. ನಾನೂ ಅದನ್ನು ಎಷ್ಟೋ ಕಡೆ ಹೇಳಿಕೊಂಡು ಮೆರೆದಿದ್ದೇನೆ. ಮೊದಲ ಬೆಂಚಿನಲ್ಲಿ ಆಗ ಜಾಗ ಖಾಲಿ ಇರಲಿಲ್ಲ. ಒಬ್ಬ ಸಾಧು ಹುಡುಗನನ್ನು ಅಲ್ಲಿಂದ ಎಬ್ಬಿಸಿ ಹಿಂದಕ್ಕೆ ಕಳಿಸಿದ್ದೆ. ಅವನ ಹೆಸರು ನೆನಪಿಗೆ ಬರಲಿಲ್ಲ. ಆ ರಾತ್ರಿ ಹಾಜರಿ ಪುಸ್ತಕವನ್ನು ಮನಸ್ಸಿನಲ್ಲೇ ಎರಡು ಸಲ ಕೂಗಿದೆ, ಬರಲಿಲ್ಲ.

ಇನ್ನು ಗಣಿತದವಳಾಗಿ ಒಂದು ತಕರಾರು ಎತ್ತದಿದ್ದರೆ ಆತ್ಮಸಾಕ್ಷಿ ಚುಚ್ಚುತ್ತದೆ. ಪಿಯರ್-ಲೂಕ್ ದುಬ್ವಾ ಎಂಬೊಬ್ಬ ಕೊಲಂಬಸ್‌ನಿಂದ ವಿನ್ನಿಪೆಗ್, ಅಲ್ಲಿಂದ ಲಾಸ್ ಏಂಜಲೀಸ್, ಅಲ್ಲಿಂದ ವಾಷಿಂಗ್ಟನ್ ಎಂದು ಊರೂರು ಸುತ್ತಿದವನು. 2021-22ರಿಂದ ನಾಲ್ಕು ವರ್ಷದ ಅವನ ಪಾಯಿಂಟುಗಳು 60, 63, 40, 66. ಮೊದಲೆರಡು ವಿನ್ನಿಪೆಗ್‌ನವು. ಲಾಸ್ ಏಂಜಲೀಸ್‌ನಲ್ಲಿ ನಲವತ್ತು ಬಂದಾಗ ಕೆಟ್ಟ ಎಂದರು, ವಾಷಿಂಗ್ಟನ್‌ನಲ್ಲಿ ಅರವತ್ತಾರು ಬಂದಾಗ ಜಾಗದ ಮಹಿಮೆ ಎಂದರು. ಇದನ್ನು ಯಾವ ಗಣಿತದ ಟೀಚರಿಗೆ ತೋರಿಸಿದರೂ, ಹುಡುಗ ಅರವತ್ತರವನು, ನಡುವಿನ ಪರೀಕ್ಷೆಯ ದಿನ ಜ್ವರ ಬಂದಿತ್ತು ಎನ್ನುತ್ತಾಳೆ. ತೀರ ಕಡಿಮೆ ಬಂದ ಮೇಲೆ ಮುಂದಿನ ಸಲ ಸಾಮಾನ್ಯವಾಗಿ ಹೆಚ್ಚೇ ಬರುತ್ತದೆ, ಬೈದರೂ ಬೈಯದಿದ್ದರೂ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಅಪ್ಪ ಅಮ್ಮಂದಿರ ಎತ್ತರ, ಮಕ್ಕಳ ಎತ್ತರ ಅಳೆದು ಇಂಥದ್ದೇ ತೋರಿಸಿದ್ದ. ತೀರ ಉದ್ದದವರ ಮಕ್ಕಳು ಅಷ್ಟು ಉದ್ದವಿಲ್ಲ, ತೀರ ಗಿಡ್ಡರ ಮಕ್ಕಳು ಅಷ್ಟು ಗಿಡ್ಡವಿಲ್ಲ. ಆಟಗಾರನನ್ನು ಮಾರುವುದು ಯಾವಾಗ? ಅವನು ತಳ ಮುಟ್ಟಿದಾಗ. ತಳದಿಂದ ಎಲ್ಲಿಗೆ ಹೋದರೂ ಅದು ಮೇಲೇ. ಬೈದದ್ದರಿಂದಲೇ ಅಂಕ ಏರಿತು ಎಂದು ನಾನು ಮೂವತ್ತು ವರ್ಷ ನಂಬಿದ್ದೆ.

ಗಡುವಿನ ಆ ಶುಕ್ರವಾರ ಮಧ್ಯಾಹ್ನ ನನ್ನ ಪಟ್ಟಿ ಬೆಳೆಯಿತು. ಫಿಲಡೆಲ್ಫಿಯಾದಿಂದ ಸ್ಕಾಟ್ ಲಾಟನ್ ಟೊರೊಂಟೊಗೆ. ಮಿಕ್ಕೊ ರಾಂಟನೆನ್ ಕ್ಯಾರೊಲಿನಾದಿಂದ ಡಲ್ಲಾಸ್‌ಗೆ; ಪಾಪ, ಇವನು ಕೊಲರಾಡೊದಿಂದ ಅಲ್ಲಿಗೆ ಬಂದು ಹದಿಮೂರು ಪಂದ್ಯವಷ್ಟೇ ಆಗಿತ್ತು, ಸಾಮಾನು ಬಿಚ್ಚಿರಲಿಕ್ಕಿಲ್ಲ. ಬಾಸ್ಟನ್‌ನಿಂದ ಬ್ರಾಂಡನ್ ಕಾರ್ಲೊ ಟೊರೊಂಟೊಗೆ. ಮೂರು ಗಂಟೆ ಹೊಡೆದ ಮೇಲೆ ಗದ್ದಲವೆದ್ದಿತು. ಅದೇ ಬಾಸ್ಟನ್ನಿನ ನಾಯಕ ಬ್ರಾಡ್ ಮಾರ್ಶಾಂಡ್ ಫ್ಲೋರಿಡಾಕ್ಕೆ. ಕೋಟಿನವರೆಲ್ಲ ಒಟ್ಟಿಗೆ ಮಾತಾಡತೊಡಗಿದರು.

ಮೊಮ್ಮಗ ಓಡಿಬಂದು ನೋಟ್‌ಬುಕ್ಕು ಕಿತ್ತುಕೊಂಡು ನೋಡಿ ಪೆಚ್ಚಾದ. ಎಲ್ಲ ಕನ್ನಡದಲ್ಲಿತ್ತು. "ಓದು ಅಜ್ಜಿ" ಎಂದ. ಹಾಜರಿ ಕೂಗಿದ ಹಾಗೆ ಓದಿದೆ. ಕಾರ್ಲೊ ಬಂದ ಎಂದಾಗ ಕುಣಿದ. ಅವನಿಗೆ ಬದಲಾಗಿ ಫ್ರೇಸರ್ ಮಿಂಟೆನ್ ಎಂಬ ಇಪ್ಪತ್ತರ ಹುಡುಗ ಹೋದ ಎಂದಾಗ ನಿಂತ. "ಅವನು ಒಳ್ಳೆಯವನಿದ್ದ" ಎಂದ. ಆಮೇಲೆ ಹಾಲು ಕುಡಿದು ಮರೆತ.

ಮಾರ್ಚ್ 30ರಂದು ಯುಗಾದಿ. ಅದಕ್ಕೆ ಎರಡು ದಿನ ಮುಂಚೆ ಕರಿಬೇವಿನ ಕೋಲಿನ ತುದಿಯಲ್ಲಿ ಕೆಂಪಾಗಿ ಎರಡು ಚಿಗುರು ಕಂಡಿತು. ದಕ್ಷಿಣದ ಕಿಟಕಿ ಎಂದಳು ಮಗಳು. ತಾನು ಹಾಕಿದ ಹುಳಿಮಜ್ಜಿಗೆ ಎಂದ ಅಳಿಯ. ಹಗಲು ಉದ್ದವಾಗಿದೆ, ಅಡುಗೆಮನೆಯಲ್ಲೇ ಬಿಟ್ಟಿದ್ದರೂ ಚಿಗುರುತ್ತಿತ್ತು ಎಂದೆ ನಾನು. ಮೂವರೂ ಒಬ್ಬರ ಮಾತನ್ನೊಬ್ಬರು ಒಪ್ಪದೆ ಹೋಳಿಗೆ ತಿಂದೆವು.

ನಾನು ಊರು ಸೇರಿದ ಮೇಲೆ, ಮೇ ತಿಂಗಳಲ್ಲಿ ಒಂದು ದಿನ ಮೊಮ್ಮಗನ ಫೋನು. ಎರಡನೇ ಸುತ್ತಿನ ಏಳನೇ ಪಂದ್ಯದಲ್ಲಿ ಲೀಫ್ಸ್‌ಗೆ ಫ್ಲೋರಿಡಾ ಎದುರು 6-1ರ ಸೋಲು. ಎದುರು ತಂಡದಲ್ಲಿ ನನ್ನ ಪಟ್ಟಿಯ ಮಾರ್ಶಾಂಡ್, ಕಂಬಿ ಹತ್ತಲಾರದ ಬೆನೆಟ್ ಇಬ್ಬರೂ ಇದ್ದರು.

"ಅಜ್ಜಿ, ಇಡೀ ಟೀಮನ್ನೇ ಟ್ರೇಡ್ ಮಾಡಬೇಕು."

"ಆಗಲಿ ಮರಿ, ಮಾಡೋಣ. ಕರಿಬೇವು ಹೇಗಿದೆ?"

"ಅಮ್ಮ ಅದನ್ನ ಹೊರಗೆ ಡೆಕ್ ಮೇಲೆ ಇಟ್ಟಿದ್ದಾಳೆ. ಮತ್ತೆ ಎಲೆ ಉದುರಿಸ್ತಾ ಇದೆ."