ಕಾಕಾರ ಲಾವಾ

ಕೊರಿಯಾದ ಜೆಜು ದ್ವೀಪ ನೋಡಿಕೊಂಡು ಬಂದ ತಮ್ಮನ ಮಗ ಮೊಬೈಲು ಮುಂದೆ ಹಿಡಿದಾಗ, ಬೆಳಗಾವಿ ಟಿಳಕವಾಡಿಯ ಕಾಕಾ ಚಹಾದ ಬಸಿ ಕೆಳಗಿಟ್ಟರು.

“ಇದು ಮಂಜಾಂಗುಲ್, ಕಾಕಾ. ಲಾವಾ ಹರದು ಆದ ಗವಿ. ಏಳು ಕಿಲೋಮೀಟರ್ ಮ್ಯಾಲೈತಿ, ಆದ್ರ ಒಂದು ಕಿಲೋಮೀಟರ್ ಅಷ್ಟ ನೋಡಾಕ ಬಿಡ್ತಾರ.”

“ಅಂದ್ರ ಟಿಕೀಟೂ ಅಷ್ಟಕ್ಕ ತಗೋಬೇಕಲ್ಲೋ?”

ನಿವೃತ್ತ ಮಾಸ್ತರರ ಲೆಕ್ಕ ಹಾಗೆ. ಹುಡುಗ ಬಿಡಲಿಲ್ಲ. ಹರಿಯುವ ಲಾವಾದ ಮೈ ಗಾಳಿಗೆ ತಣಿದು ಚಿಪ್ಪುಗಟ್ಟುತ್ತದೆ, ಒಳಗಿನದು ಬಿಸಿಯಾಗಿಯೇ ಮುಂದೆ ಸಾಗಿ ಪೊಳ್ಳು ಕೊಳವೆ ಉಳಿಯುತ್ತದೆ ಎಂದ. ನೋಡಲು ಬಿಡುವ ದಾರಿ ಮುಗಿಯುವಲ್ಲಿ, ಚಾವಣಿಯಿಂದ ಸುರಿದ ಲಾವಾ ಗಟ್ಟಿಯಾಗಿ 7.6 ಮೀಟರಿನ ಕಂಬವಾಗಿ ನಿಂತಿದೆ. 2007ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಕಾಕಾ ಕಿವಿ ನಿಮಿರಿಸಿದ್ದು ಬೇರೆಯದಕ್ಕೆ: 1946ರಲ್ಲಿ ಅಲ್ಲಿಯ ಶಾಲೆಯ ಮಾಸ್ತರ ಬು ಜೊಂಗ್-ಹ್ಯು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು, ದೀವಟಿಗೆ ಹಿಡಿದು ಆ ಗವಿ ಹೊಕ್ಕಿದ್ದರಂತೆ. ಕಾಕಾ ಮಕ್ಕಳನ್ನು ಒಯ್ದದ್ದು ಪ್ರತಿ ವರ್ಷ ಗೋಕಾಕ ಫಾಲ್ಸಿಗೆ. ತೂಗುಸೇತುವೆಯ ಈಚೆಗೊಮ್ಮೆ ಆಚೆಗೊಮ್ಮೆ ತಲೆ ಎಣಿಸುವುದರಲ್ಲೇ ದಿನ ಮುಗಿಯುತ್ತಿತ್ತು. ಸಾಲದ್ದಕ್ಕೆ ಅಲ್ಲಿಯದು ಮರಳುಗಲ್ಲು, ಲಾವಾ ಅಲ್ಲ.

“ಲಾವಾ ನಮ್ಮ ಹಿತ್ತಲದಾಗೇ ಐತಿ,” ಎಂದರು ಕಾಕಾ. ಸುಳ್ಳೇನಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರು ಪದರಾಗಿ ಹರಡಿದ ದಖ್ಖನ್ ಲಾವಾದ ತೆಂಕಣ ಅಂಚು ಬೆಳಗಾವಿಯ ಸುತ್ತಲೇ ಇದೆ. ಕಾಕಿ ಚಟ್ನಿ ಅರೆಯುವ ಕರಿಕಲ್ಲಿನ ಮೂಲವೂ ಅದೇ ಎಂದು ಕಾಕಾರ ವಾದ. ಅದಕ್ಕೆ ಕಾಕಿ ಮಿಕ್ಸರ್ ಕಡೆ ಬೆರಳು ತೋರಿಸಿದರು.

ಹಟಕ್ಕೆ ಬಿದ್ದ ಕಾಕಾ ಮರುದಿನವೇ ಖಾನಾಪುರದ ಬಸ್ಸು ಹಿಡಿದರು. ಅಲ್ಲಿ ಗವಿಗೇನೂ ಬರವಿಲ್ಲ. ತಳೇವಾಡಿ ಕಡೆಯ ಬಾರಾಪೇಡೆ ಗುಹೆ ಬಾವಲಿ ಶಾಸ್ತ್ರದಲ್ಲಿ ಜಗತ್ಪ್ರಸಿದ್ಧ. 1913ರಲ್ಲಿ ಹೆಸರು ಪಡೆದ, ಮೂತಿ ಮೀರಿ ಚಾಚಿದ ಕಿವಿಗಳ ರಾಟನ್ ಬಾವಲಿಗೆ ಎಷ್ಟೋ ದಶಕ ಜಗತ್ತಿನಲ್ಲಿ ಗೊತ್ತಿದ್ದ ಮನೆ ಇದೊಂದೇ. ಮೇಘಾಲಯ, ಕಾಂಬೋಡಿಯಾದಲ್ಲಿ ಅದು ಕಂಡದ್ದು ಬಹಳ ತಡವಾಗಿ. ಆದರೆ ಆ ಗುಹೆ ಇರುವುದು 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮದ ಕಾಡಿನಲ್ಲಿ. “ಅರಣ್ಯ ಇಲಾಖೆ ಪರ್ಮಿಶನ್ ತಂದೀರೇನ್ರಿ ಸರ?” ಎಂದ ಚಹಾದಂಗಡಿಯವ.

ತಂದಿರಲಿಲ್ಲ. ಗವಿಗೆ ಬದಲಾಗಿ ಖಾನಾಪುರದ ಕೆಂಪು ಗಡಿಗೆಯೊಂದನ್ನು ಬಗಲಲ್ಲಿಟ್ಟುಕೊಂಡು ಕಾಕಾ ಸಂಜೆಯ ಬಸ್ಸಿಗೆ ಮರಳಿದರು.

ಒಲೆಯ ಮೇಲೆ ಹಾಲಿತ್ತು. ಕೆನೆ ಆಗಷ್ಟೇ ಕಟ್ಟಿ, ಅಂಚಿನಲ್ಲಿ ಸುಕ್ಕಾಗಿ, ಅಡಿಯಿಂದ ಗುಳ್ಳೆ ನೂಕುತ್ತಿತ್ತು. “ನೋಡ ತಮ್ಮಾ, ಮ್ಯಾಲ ಚಿಪ್ಪು, ಒಳಗ ಲಾವಾ! ಇನ್ನ ಇದು ಒಂದು ಕಡೆಯಿಂದ ಹರದು ಹೋತಂದ್ರ…” ಎಂದು ಕಾಕಾ ಚಮಚದಿಂದ ತೋರಿಸುವಷ್ಟರಲ್ಲಿ ಅದು ಹರಿದೇಬಿಟ್ಟಿತು, ನಾಲ್ಕೂ ಕಡೆಯಿಂದ.

ಆ ಸಂಜೆ ಮನೆಯಲ್ಲಿ ಎಲ್ಲರಿಗೂ ಕರಿ ಚಹಾ. ಕಟ್ಟೆ ಒರೆಸುವ ಅರಿವೆ ಕಾಕಾರಿಗೆ.